ಕೂಡಲಿಯಲ್ಲಿ ಒಂದು ಬೊಗಸೆ ನೀರು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ ಯಾವ ನದಿ ಎಲ್ಲಿಂದ ಎಲ್ಲಿಯವರೆಗೆ ಕೆಟ್ಟಿದೆ ಎಂದು ಒಂದು ಪಟ್ಟಿ ಮಾಡಿತು. ಅಂಥ 351 ಕಡೆಗಳಲ್ಲಿ ನಮ್ಮ ರಾಜ್ಯದ ಪಾಲು 17. ಅದರಲ್ಲಿ ತುಂಗೆಯ ಹೆಸರಿದೆ. ಎದುರಿಗೆ ಬರೆದಿರುವ ಜಾಗ: ಶಿವಮೊಗ್ಗದಿಂದ ಕೂಡಲಿ. ಭದ್ರೆಯ ಹೆಸರೂ ಇದೆ, ಅದರ ಎದುರು ಭದ್ರಾವತಿ ಮತ್ತು ಹೊಳೆಹೊನ್ನೂರು. ಎರಡೂ ಕೂಡಿ ತುಂಗಭದ್ರೆಯಾದ ಮೇಲೆ ಹರಿಹರದಿಂದ ಕೆಳಗಿನ ಹರಿವೂ ಪಟ್ಟಿಯಲ್ಲಿದೆ.

ಈ ಸಾಲುಗಳನ್ನು ಮೊದಲು ಓದಿದಾಗ ನನಗೆ ಬೇರೆಲ್ಲಕ್ಕಿಂತ ನೋವಾದದ್ದು ಕೂಡಲಿ ಎಂಬ ಹೆಸರು ಕಂಡು. ಶಿವಮೊಗ್ಗದಿಂದ ಸುಮಾರು 15 ಕಿಲೋಮೀಟರ್ ದೂರದ ಆ ಊರಿನಲ್ಲಿ ತುಂಗೆ, ಭದ್ರೆ ಸೇರುತ್ತವೆ. ಸಂಗಮೇಶ್ವರ, ರಾಮೇಶ್ವರ, ಬ್ರಹ್ಮೇಶ್ವರ ದೇವಸ್ಥಾನಗಳಿವೆ. ಶೃಂಗೇರಿ ಪರಂಪರೆಯ ಸ್ಮಾರ್ತ ಮಠ ಒಂದು, ಅಕ್ಷೋಭ್ಯತೀರ್ಥರ ಪರಂಪರೆಯ ಮಾಧ್ವ ಮಠ ಇನ್ನೊಂದು. ನಮ್ಮ ಕಡೆಯವರು ಅದನ್ನು ದಕ್ಷಿಣದ ವಾರಣಾಸಿ ಎನ್ನುತ್ತಾರೆ. ನಮ್ಮ ಮನೆಯ ಹಿರಿಯರೆಲ್ಲರ ಅಸ್ಥಿ ಹೋಗಿದ್ದು ಅಲ್ಲಿಗೇ. ಅಂಥ ಸಂಗಮಕ್ಕೆ ಈಗ ಎರಡು ಹೊಳೆಗಳೂ ಒಂದೊಂದು ಊರಿನ ಕೊಳೆಯನ್ನು ಹೊತ್ತು ಬರುತ್ತಿವೆ.

ನಾನು ನೌಕರಿ ಮಾಡಿದ್ದೆಲ್ಲ ಹೊಳೆದಂಡೆಯ ಪಂಪ್‌ಹೌಸ್‌ಗಳಲ್ಲಿ. ಜಾಕ್‌ವೆಲ್‌ನಿಂದ ನೀರೆತ್ತಿ, ಆಲಂ ಹಾಕಿ, ಕದಡನ್ನು ಕೆಳಗಿಳಿಸಿ, ಮರಳಿನ ಫಿಲ್ಟರ್ ಬೆಡ್ ದಾಟಿಸಿ, ಕ್ಲೋರಿನ್ ಬೆರೆಸಿ ಊರಿಗೆ ಬಿಡುವ ಕೆಲಸ. ಆರಿದ್ರಾ ಮಳೆ ಹಿಡಿದ ಮೇಲೆ ಹೊಳೆ ಕೆಂಪಾದಾಗ ಆಲಂ ಎಷ್ಟು ಹೆಚ್ಚಿಸಬೇಕು, ಬೇಸಿಗೆಯಲ್ಲಿ ಹರಿವು ತೆಳುವಾದಾಗ ಕ್ಲೋರಿನ್ ಎಷ್ಟು ಬೇಕು ಎಂಬುದು ಜಾರ್ ಟೆಸ್ಟ್ ಮಾಡುವ ಮುಂಚೆಯೇ ಕೈಗೆ ತಿಳಿಯುತ್ತಿತ್ತು. ಮಳೆಗಾಲದ ಕೆಂಪು ನೀರಿಗೆ ನಾನು ಎಂದೂ ಹೆದರಿದವನಲ್ಲ, ಅದು ಮಣ್ಣು, ತಾನಾಗಿ ಕೆಳಗೆ ಕೂರುತ್ತದೆ. ಹೆದರಿಸುತ್ತಿದ್ದುದು ಮಾರ್ಚ್, ಏಪ್ರಿಲ್‌ನ ತಿಳಿನೀರು. ನೋಡಲು ಕನ್ನಡಿಯಂತಿರುವ ನೀರಿನ ಸ್ಯಾಂಪಲ್ ಲ್ಯಾಬ್‌ಗೆ ಹೋಗಿ ಬಂದಾಗ ವರದಿ ಬೇರೆಯೇ ಹೇಳುತ್ತಿತ್ತು.

ತುಂಗಾ ಪಾನ, ಗಂಗಾ ಸ್ನಾನ ಎಂಬ ಮಾತು ಮಲೆನಾಡಿನ ಮಕ್ಕಳಿಗೂ ಗೊತ್ತು. ಸ್ನಾನದ ಹೊತ್ತಿಗೆ ನಮ್ಮ ಹಿರಿಯರು ಕರೆಯುವ ಏಳು ನದಿಗಳಲ್ಲಿ ಗಂಗೆಯಿದೆ, ಗೋದಾವರಿಯಿದೆ, ಕಾವೇರಿಯಿದೆ, ತುಂಗೆಯಿಲ್ಲ. ತುಂಗೆಯ ಪಾಲಿಗೆ ಬಂದದ್ದು ಕುಡಿಯುವ ನೀರಿನ ಮರ್ಯಾದೆ. ಬೇರೆ ನದಿಯಲ್ಲಿ ಮಿಂದರೆ ಪುಣ್ಯ, ಇದನ್ನು ಕುಡಿದರೇ ಪುಣ್ಯ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ದೂರದಿಂದ ನಡೆದು ಬಂದವರಿಗೆ ಅಜ್ಜಿ ಮೊದಲು ಕೊಡುತ್ತಿದ್ದುದು ಹೊಳೆಯ ನೀರು ಮತ್ತು ಒಂದು ತುಂಡು ಬೆಲ್ಲ. ಕಾಯಿಸಿದ್ದಲ್ಲ, ಸೋಸಿದ್ದಲ್ಲ. ಬೆಳಗಿನ ಜಾವ ಕೊಡದಲ್ಲಿ ತಂದು ತಾಮ್ರದ ಹಂಡೆಗೆ ಸುರಿದದ್ದು. ಅಜ್ಜಿ ಸಾಯುವಾಗ ಬಾಯಿಗೆ ಬಿಟ್ಟದ್ದೂ ಅದೇ ನೀರನ್ನು. ದೇವರ ಮನೆಯಲ್ಲಿ ಕಾಶಿಯಿಂದ ತಂದ ಗಂಗಾಜಲದ ಗಿಂಡಿ ಇತ್ತು, ಆದರೂ ತುಂಗೆಯೇ ಬೇಕೆಂದು ಅವಳು ಮೊದಲೇ ಹೇಳಿಟ್ಟಿದ್ದಳು.

ಹಾಗಾಗಿ ನನ್ನ ವಾದ ಸರಳವಾದದ್ದು. ಈ ನದಿಯ ಮೇಲಿನ ಭಕ್ತಿಯನ್ನು ಅಳೆಯುವುದಾದರೆ ಆರತಿಯ ದೀಪ ಎಣಿಸಿ ಅಳೆಯಬಾರದು, ಮಿಂದವರ ತಲೆ ಎಣಿಸಿಯೂ ಅಳೆಯಬಾರದು. ದಂಡೆಯಲ್ಲಿ ನಿಂತು ಒಂದು ಬೊಗಸೆ ಕುಡಿಯಲು ಬರುತ್ತದೆಯೇ ಎಂದು ಅಳೆಯಬೇಕು. ಅಳೆಯುವ ಹೊಣೆಯನ್ನು ಸರ್ಕಾರದ ಮೇಲೆ ಮಾತ್ರ ಹಾಕದೆ, ಈ ನೀರಿನಿಂದಲೇ ಕ್ಷೇತ್ರವೆನಿಸಿಕೊಂಡ ಮಠಗಳೂ ದೇವಸ್ಥಾನಗಳೂ ಹೊರಬೇಕು.

ಈ ಹೊಳೆಯ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ನಡೆದು ನೋಡಿ. ಚಿಕ್ಕಮಗಳೂರು ಜಿಲ್ಲೆಯ ವರಾಹ ಪರ್ವತ ಸಾಲಿನ ಗಂಗಾಮೂಲ, ಈಗ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿದೆ. ತುಂಗೆ, ಭದ್ರೆ, ನೇತ್ರಾವತಿ ಮೂವರಿಗೂ ಅದೇ ತವರು. ಹಿರಣ್ಯಾಕ್ಷನನ್ನು ಕೊಂದ ವರಾಹಸ್ವಾಮಿ ಅಲ್ಲಿ ದಣಿವಾರಿಸಿಕೊಂಡ, ಅವನ ಕೋರೆಗಳಿಂದ ತುಂಗೆ, ಭದ್ರೆ ಇಳಿದರು ಎಂಬುದು ಪುರಾಣ. ನೇತ್ರಾವತಿ ಪಡುವಣಕ್ಕೆ ಇಳಿದು ಕಡಲು ಸೇರುತ್ತದೆ. ಉಳಿದಿಬ್ಬರು ಮೂಡಣಕ್ಕೆ ಹೊರಳಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತಾರೆ. ಅಲ್ಲಿನ ಶೋಲಾ ಕಾಡು ಮತ್ತು ಹುಲ್ಲುಗುಡ್ಡಗಳ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದ ಮಳೆಯನ್ನು ಹುಲ್ಲಿನ ಬೇರು ಹಿಡಿದಿಟ್ಟು, ಮಳೆ ನಿಂತು ತಿಂಗಳುಗಳಾದ ಮೇಲೂ ಒಸರುತ್ತಿರುತ್ತದೆ. ಫೆಬ್ರವರಿಯಲ್ಲಿ ಶೃಂಗೇರಿಯ ಮೆಟ್ಟಿಲಿಗೆ ತಾಗುವ ನೀರು ಹಿಂದಿನ ಆಟಿ ತಿಂಗಳಲ್ಲಿ ಸುರಿದದ್ದು. ಭದ್ರೆಯ ತವರಿನಲ್ಲಿ ಕಬ್ಬಿಣದ ಅದಿರಿಗಾಗಿ ಗುಡ್ಡ ಕಡಿದ ವರ್ಷಗಳಲ್ಲಿ ಹೊಳೆಯ ಹೂಳು ಏನೆಂದು ನಾವು ಕಂಡಿದ್ದೇವೆ. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟು, 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಜನ ಪಟ್ಟು ಹಿಡಿದರೆ ಹೊಳೆಗೆ ನ್ಯಾಯ ಸಿಗುತ್ತದೆ ಎಂಬುದಕ್ಕೆ ನನ್ನ ಜೀವಮಾನದಲ್ಲಿ ಕಂಡ ಸಾಕ್ಷಿ ಅದು.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಆ ನೀರಿನ ಒಂದು ಪಾಲು ಮಾಲತಿ ಹೊಳೆಯಾಗಿ ತುಂಗೆಗೆ ಬರುತ್ತದೆ. ಅದೇ ನದಿ ಕೆಳಗೆ ಮುಟ್ಟುವ ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಮಳೆ 500, 600 ಮಿಲಿಮೀಟರ್ ದಾಟಿದರೆ ಒಳ್ಳೆಯ ವರ್ಷ. ಮಲೆನಾಡಿನ ಮಳೆಯನ್ನು ಬಯಲುಸೀಮೆಯ ಬಾಯಾರಿಕೆಗೆ ಮುಟ್ಟಿಸುವುದು ಈ ನದಿಯ ಕೆಲಸ. ಕೂಡಲಿಯಿಂದ ಕೃಷ್ಣೆಯ ಸಂಗಮದವರೆಗೆ 531 ಕಿಲೋಮೀಟರ್, ಅದರಲ್ಲಿ ನಮ್ಮ ರಾಜ್ಯದಲ್ಲಿ 382. ಹುಂಚದ ಬಳಿ ಹುಟ್ಟುವ ಕುಮುದ್ವತಿ, ಗಳಗನಾಥದಲ್ಲಿ ವರದೆ, ಹರಿಹರದಲ್ಲಿ ಹರಿದ್ರೆ, ಇನ್ನೂ ಕೆಳಗೆ ವೇದಾವತಿ ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ.

ದಾರಿಯುದ್ದಕ್ಕೂ ದೇವರು. ಆದರೆ ಒಂದೇ ಮತದ ದೇವರಲ್ಲ, ನನಗೆ ಈ ನದಿ ಇಷ್ಟವಾಗುವುದಕ್ಕೆ ಅದೂ ಒಂದು ಕಾರಣ. ಶೃಂಗೇರಿಯಲ್ಲಿ ಶಾರದೆ ಮತ್ತು ಶಂಕರರ ಮಠ. ಬಸಿರಿನ ಕಪ್ಪೆಗೆ ಹಾವು ಹೆಡೆಯ ನೆರಳು ಕೊಟ್ಟದ್ದನ್ನು ಕಂಡು ಶಂಕರರು ನೆಲೆ ನಿಂತರು ಎನ್ನುವ ಜಾಗ ಹೊಳೆಯ ದಡದಲ್ಲೇ ಇದೆ. ಭದ್ರೆಯ ದಂಡೆಯ ಬಾಳೆಹೊನ್ನೂರಿನಲ್ಲಿ ವೀರಶೈವರ ರಂಭಾಪುರಿ ಪೀಠ. ತೀರ್ಥಹಳ್ಳಿಯಲ್ಲಿ ಪರಶುರಾಮ ಕೊಡಲಿಯ ರಕ್ತ ತೊಳೆದ ರಾಮತೀರ್ಥ, ಅಲ್ಲಿ ಎಳ್ಳಮಾವಾಸ್ಯೆಯ ಜಾತ್ರೆ. ಹರಿಹರದಲ್ಲಿ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ, ಅದರಲ್ಲಿ ಅರ್ಧ ಹರಿ ಅರ್ಧ ಹರ. ಮೈಲಾರದಲ್ಲಿ ಬಿಲ್ಲನ್ನೇರಿ ಕಾರ್ಣಿಕ ನುಡಿಯುವ ಗೊರವಯ್ಯ. ಹುಲಿಗಿಯಲ್ಲಿ ಹುಲಿಗೆಮ್ಮ, ಹುಣ್ಣಿಮೆ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ಹಂಪಿಯಲ್ಲಿ ನದಿಯೇ ಪಂಪೆ, ಬ್ರಹ್ಮನ ಮಗಳು, ವಿರೂಪಾಕ್ಷನ ಮಡದಿ. ಅಲ್ಲಿ ದೇವರ ಮದುವೆಯೆಂದರೆ ನದಿಯ ಮದುವೆ. ಮಂತ್ರಾಲಯದಲ್ಲಿ 1671ರಲ್ಲಿ ಬೃಂದಾವನ ಸೇರಿದ ರಾಯರು. ಹೊಳೆಯಲ್ಲಿ ಮಿಂದು, ಮಂಚಾಲಮ್ಮನಿಗೆ ಕೈಮುಗಿದು ರಾಯರ ದರ್ಶನಕ್ಕೆ ಹೋಗುವುದು ಪದ್ಧತಿ. ಆಮೇಲೆ ಆಲಂಪುರದ ನವಬ್ರಹ್ಮ ದೇಗುಲಗಳು, ಕೊನೆಗೆ ಶ್ರೀಶೈಲ ಜಲಾಶಯದ ಹಿನ್ನೀರಿನಲ್ಲಿ ವರ್ಷದ ಬಹುಪಾಲು ಮುಳುಗಿದ್ದು ಬೇಸಿಗೆಗೆ ಮೇಲೇಳುವ ಸಂಗಮೇಶ್ವರ.

ಅದ್ವೈತಿಗಳು, ಮಾಧ್ವರು, ವೀರಶೈವರು, ಗೊರವರು, ಹುಲಿಗೆಮ್ಮನ ಒಕ್ಕಲು ಎಲ್ಲರೂ ಒಂದೇ ನೀರನ್ನು ನಂಬಿದವರು. ಮೇಲಿನ ಮಠದ ಮೋರಿ ಕೆಳಗಿನ ಮಠದ ತೀರ್ಥ. ಈ ಮಾತು ಕಟುವಾಗಿ ಕೇಳಿಸಬಹುದು, ಆದರೆ ನೀರು ಇಳಿಯುವ ದಿಕ್ಕು ಅದೇ.

ಇನ್ನು ಅಂಕಿಗಳ ವಿಷಯ. ನಮ್ಮ ಮಾಲಿನ್ಯ ಮಂಡಳಿಗಳು ನದಿ ನೀರನ್ನು ದರ್ಜೆ ಮಾಡಿವೆ. ನೂರು ಮಿಲಿಲೀಟರ್ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ 50ರ ಒಳಗಿದ್ದು, ಉಳಿದ ಅಳತೆಗಳೂ ಸರಿಯಿದ್ದರೆ ಅದು ‘ಎ’ ದರ್ಜೆ. ಅದಕ್ಕೆ ರೋಗಾಣು ಕೊಲ್ಲುವಷ್ಟು ಕ್ಲೋರಿನ್ ಸಾಕು, ದೊಡ್ಡ ಶುದ್ಧೀಕರಣ ಬೇಡ. 500ರ ಒಳಗಿದ್ದರೆ ‘ಬಿ’, ಸ್ನಾನಕ್ಕೆ ಯೋಗ್ಯ. 5,000ದ ಒಳಗಿದ್ದರೆ ‘ಸಿ’, ಅಂದರೆ ಪೂರ್ತಿ ಶುದ್ಧೀಕರಿಸಿದ ಮೇಲೆ ಕುಡಿಯಲು ಕೊಡಬಹುದು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನನ್ನ ಪಂಪ್‌ಹೌಸ್‌ಗೆ ಬರುವ ನೀರಿಗಿಂತ ಭಕ್ತ ಮುಳುಗುವ ನೀರು ಹತ್ತು ಪಟ್ಟು ಚೊಕ್ಕವಾಗಿರಬೇಕು ಎಂದು ಮಂಡಳಿಯ ದರ್ಜೆಯೇ ಹೇಳುತ್ತಿದೆ. ಯಾಕೆಂದರೆ ನನ್ನ ಹತ್ತಿರ ಆಲಂ ಇದೆ, ಫಿಲ್ಟರ್ ಇದೆ, ಕ್ಲೋರಿನ್ ಇದೆ. ಹೊಳೆಯಲ್ಲಿ ಮೂಗು ಹಿಡಿದು ಮುಳುಗಿ, ಆಚಮನಕ್ಕೆ ಮೂರು ಸಲ ಅಂಗೈಯ ನೀರು ಕುಡಿಯುವ ಮುದುಕಿಗೆ ಏನೂ ಇಲ್ಲ. ಕುಡಿಯುವ ನೀರಿನ ಯೋಜನೆಗೆ ನೂರಾರು ಕೋಟಿ ಕೊಡುವ ನಾವು ಸ್ನಾನಘಟ್ಟದ ನೀರನ್ನು ಕೇಳುವವರಿಲ್ಲದಂತೆ ಬಿಟ್ಟಿದ್ದೇವೆ.

ಇನ್ನೊಂದು ಅಳತೆ ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ತಿನ್ನುತ್ತವೆ ಎಂಬ ಲೆಕ್ಕ. ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಆ ಹರಿವು ಕಲುಷಿತ. 2018ರ ಪಟ್ಟಿ ಮಾಡಿದ್ದು ಈ ಗೆರೆ ಎಳೆದೇ. ಮೀರುವುದು ಯಾವಾಗಲೂ ದೊಡ್ಡ ಕಾರ್ಖಾನೆಯಿಂದಲ್ಲ. ನಗರದಲ್ಲಿ ಒಳಚರಂಡಿ ಕೊಳವೆ ಹಾಕಿದ್ದೇವೆ, ಶುದ್ಧೀಕರಣ ಘಟಕ ಕಟ್ಟಿದ್ದೇವೆ, ಆದರೂ ಮಳೆನೀರಿಗೆಂದು ಮಾಡಿದ ರಾಜಕಾಲುವೆಯಲ್ಲಿ ಬೇಸಿಗೆಯಲ್ಲೂ ಕಪ್ಪುನೀರು ಹರಿದು ಹೊಳೆ ಸೇರುತ್ತಿರುತ್ತದೆ. ಮನೆಯ ಸಂಪರ್ಕ ಕೊಳವೆಗೆ ಕೊಟ್ಟಿರುವುದಿಲ್ಲ, ಕೊಟ್ಟಲ್ಲಿ ಮ್ಯಾನ್‌ಹೋಲ್ ಕಟ್ಟಿಕೊಂಡು ಉಕ್ಕಿರುತ್ತದೆ. ಹೊಳೆಯಂಚಿನ ಸಣ್ಣ ಊರುಗಳಲ್ಲಿ ಯಾತ್ರಿಕರಿಗೆಂದು ಕಟ್ಟಿದ ಲಾಡ್ಜು, ಹೋಟೆಲುಗಳ ಪಿಟ್ಟುಗಳು ತುಂಬಿದರೆ ಟ್ಯಾಂಕರ್ ರಾತ್ರಿ ಎಲ್ಲಿಗೆ ಹೋಗುತ್ತದೆಂದು ಊರಿಗೆಲ್ಲ ಗೊತ್ತು. ತೋಟದವರಾದ ನಮ್ಮ ಪಾಲೂ ಇದೆ. ಅಡಿಕೆಗೆ ಕೊಳೆ ಔಷಧಿ ಹೊಡೆದು, ಮೈಲುತುತ್ತದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವುದನ್ನು ನಿಲ್ಲಿಸಲೇಬೇಕು. ತಾಮ್ರ ಮೀನಿಗೆ ವಿಷ.

ಕೆಳಗಿನ ಊರೊಂದರ ದೇವಸ್ಥಾನದಲ್ಲಿ, ಹೆಸರು ಬೇಡ, ಅರ್ಚಕರು ಅಭಿಷೇಕಕ್ಕೆ ಬೋರ್‌ವೆಲ್ ನೀರು ಹಿಡಿಯುತ್ತಿದ್ದರು. ಗುಡಿಯ ಮೆಟ್ಟಿಲಿಳಿದರೆ ಹೊಳೆ. ಕೇಳಿದೆ. ಅವರು ತಂಬಿಗೆ ಕೆಳಗಿಟ್ಟು ಹೇಳಿದರು:

‘ಹೊಳೆ ನೀರು ಲಿಂಗಕ್ಕೆ ಹಾಕಬಹುದು ಸ್ವಾಮಿ, ಶಿವ ವಿಷ ಕುಡಿದೋನು. ಅದನ್ನೇ ಆಮೇಲೆ ತೀರ್ಥ ಅಂತ ಮಕ್ಕಳ ಕೈಗೆ ಹಾಕ್ಬೇಕಲ್ಲ, ಅದಕ್ಕೆ ಧೈರ್ಯ ಬರಲ್ಲ.’

‘ಹಾಗಂತ ಆಡಳಿತ ಮಂಡಳಿಯವರಿಗೆ ಹೇಳಿದ್ದೀರಾ?’

‘ಹೇಳಿದ್ದಕ್ಕೇ ಬೋರ್ ಹಾಕಿಸಿದ್ದು.’

ಆ ಅರ್ಚಕರ ಮೇಲೆ ನನಗೆ ಗೌರವ ಹೆಚ್ಚಿತು, ಅವರು ಮಕ್ಕಳ ಹೊಟ್ಟೆಯನ್ನು ಕಾದರು. ಆದರೆ ಆಡಳಿತ ಮಂಡಳಿ ಕಂಡುಕೊಂಡ ಪರಿಹಾರ ನೋಡಿ. ನದಿ ಕೆಟ್ಟಿತು ಎಂದಾಗ ದೇವರನ್ನು ನದಿಯಿಂದ ಬಿಡಿಸಿ ಬೋರ್‌ವೆಲ್‌ಗೆ ಕಟ್ಟಿದರು. ನದಿಯ ಕಾರಣದಿಂದ ಅಲ್ಲಿ ನಿಂತ ದೇವರು ಈಗ ನದಿಯ ಸಂಬಂಧವಿಲ್ಲದೆ ಅಲ್ಲಿದ್ದಾನೆ. ಇದೇ ಪರಿಹಾರ ದಂಡೆಯುದ್ದಕ್ಕೂ ಹಬ್ಬುತ್ತಿದೆ: ಘಟ್ಟದ ಪಕ್ಕ ಶವರ್, ಯಾತ್ರಿಕರಿಗೆ ಬಾಟಲಿ ನೀರು.

ನಂಬಿಕೆ ನೀರನ್ನು ಕಾಯಬಲ್ಲದು ಎಂಬುದಕ್ಕೆ ಇದೇ ತುಂಗೆಯಲ್ಲಿ ಒಳ್ಳೆಯ ಪುರಾವೆಯಿದೆ. ಶೃಂಗೇರಿಯ ಮೆಟ್ಟಿಲ ಹತ್ತಿರ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ. ಮಂಡಕ್ಕಿ ಎಸೆದರೆ ಮೊಳದುದ್ದದ ಮೀನುಗಳು ಒಂದರ ಮೇಲೊಂದು ಹೊರಳಿ ಬರುತ್ತವೆ. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ಸಿದ್ಧಿವಿನಾಯಕನ ಗುಡಿಯ ಕೆಳಗಿನ ಮಡುವಿನಲ್ಲೂ ಹಾಗೆಯೇ, ಅವು ದೇವರ ಮೀನು. ಸರ್ಕಾರದ ಬೋರ್ಡು ಬರುವ ಎಷ್ಟೋ ಮುಂಚೆ ಊರವರು ಹಾಕಿಕೊಂಡ ಕಟ್ಟು ಇದು. ದೇವರ ಮೀನು ಸತ್ತು ತೇಲಿದರೆ ಊರೇ ಸೇರುತ್ತದೆ. ಯಾರು ಸಿಡಿಮದ್ದು ಹಾಕಿದರು, ಮೇಲೆ ಯಾರು ಏನು ಬಿಟ್ಟರು ಎಂದು ವಿಚಾರಣೆಯಾಗುತ್ತದೆ. ಹೊಳೆಯ ಮಧ್ಯದ ನಡುಗಡ್ಡೆ ಮಂಡಗದ್ದೆಯಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿಗಳು ಸಾವಿರಗಟ್ಟಲೆ ಗೂಡು ಕಟ್ಟುವುದೂ ನೀರಿನಲ್ಲಿ ಮೀನು ಇರುವುದರಿಂದ. ಮೀನಿಗೆ ಹಾಕಿದ ಕಟ್ಟನ್ನು ನೀರಿಗೂ ಹಾಕಲು ನಮ್ಮಿಂದ ಯಾಕಾಗುವುದಿಲ್ಲ? ನೀರಿನಲ್ಲಿ ಉಗುಳಬಾರದು, ಮಲಮೂತ್ರ ಬೀಳಿಸಬಾರದು ಎಂಬ ವಿಧಿ ಧರ್ಮಶಾಸ್ತ್ರಗಳಲ್ಲಿ ಇದ್ದೇ ಇದೆ, ಹೊಸ ಶಾಸ್ತ್ರ ಬರೆಯಬೇಕಾಗಿಲ್ಲ. ಆ ವಿಧಿ ಒಬ್ಬನೇ ಮನುಷ್ಯನಿಗೆ ಹೇಗೋ ಪುರಸಭೆಗೂ ಹಾಗೆಯೇ ಎಂದು ಪೀಠಾಧಿಪತಿಗಳು ಗಟ್ಟಿಯಾಗಿ ಒಮ್ಮೆ ಹೇಳಬೇಕು.

ಧರ್ಮದ ಮಾತಿಗೆ ಆಡಳಿತ ಬಗ್ಗುವುದಿಲ್ಲ ಎನ್ನುವವರು ಮೈಲಾರವನ್ನು ನೋಡಲಿ. ಭರತ ಹುಣ್ಣಿಮೆಯ ಜಾತ್ರೆ ಬರುವುದು ಫೆಬ್ರವರಿಯಲ್ಲಿ, ಆ ಹೊತ್ತಿಗೆ ಅಲ್ಲಿ ಹೊಳೆ ಮರಳಾಗಿರುತ್ತದೆ. ಲಕ್ಷಗಟ್ಟಲೆ ಜನಕ್ಕೆ ಸ್ನಾನಕ್ಕೆ, ಕುಡಿಯಲು ಬೇಕೆಂದು ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನದಿಗೆ ನೀರು ಬಿಡುತ್ತಾರೆ. ಅಚ್ಚುಕಟ್ಟಿನ ರೈತರ ಆಕ್ಷೇಪದ ನಡುವೆಯೂ ಜಾತ್ರೆಯ ನೀರಿಗೆ ಜಾಗ ಸಿಗುತ್ತದೆ. ದೇವರ ಹೆಸರಿನಲ್ಲಿ ಅಣೆಕಟ್ಟಿನ ಗೇಟು ತೆಗೆಸಬಲ್ಲ ಸಮಾಜಕ್ಕೆ ರಾಜಕಾಲುವೆಯ ಬಾಯಿ ಮುಚ್ಚಿಸಲು ಆಗದೆ ಇರುವುದಿಲ್ಲ.

ಶಿವಮೊಗ್ಗದಲ್ಲಿ ತುಂಗೆ ಉಕ್ಕಿ ಕೋರ್ಪಲಯ್ಯನ ಮಂಟಪ ಮುಳುಗಿದರೆ ಊರಿಗೆ ಹಬ್ಬ, ಬಾಗಿನ ಬಿಡುತ್ತಾರೆ. ಹೊಸಪೇಟೆಯಲ್ಲಿ ಜಲಾಶಯ ತುಂಬಿದರೆ ಅಲ್ಲೂ ಬಾಗಿನ. 1953ರಲ್ಲಿ ಮುಗಿದ ಆ ಅಣೆಕಟ್ಟೆಯ ಸಾಮರ್ಥ್ಯ ಆಗ 133 ಟಿಎಂಸಿ ಅಡಿ, ಈಗ 105ರ ಆಸುಪಾಸು, ಉಳಿದದ್ದನ್ನು ಹೂಳು ನುಂಗಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿ ಹೋದಾಗ ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದಿದ್ದರು. ತುಂಬಿದ ನೀರನ್ನು ಲಕ್ಷ್ಮಿಯೆಂದು ಬರಮಾಡಿಕೊಳ್ಳುವ ಬಾಗಿನದ ಪದ್ಧತಿ ನನಗೆ ಪ್ರಿಯವಾದದ್ದು, ಅದು ನಿಲ್ಲಬಾರದು. ನನ್ನ ಕೇಳಿಕೆ ಇಷ್ಟೇ: ಮೊರದಲ್ಲಿ ಬಳೆ, ಅರಿಸಿನ, ಧಾನ್ಯ ಇಟ್ಟು ನೀರಿಗೆ ಬಿಡುವ ಮೊದಲು, ಅಂದಿನ ನೀರಿನ ಲ್ಯಾಬ್ ವರದಿಯನ್ನು ಮಂತ್ರಿಗಳು ಮೈಕಿನಲ್ಲಿ ಓದಲಿ. ಕೋಲಿಫಾರ್ಮ್ ಎಷ್ಟು, ಬಿಒಡಿ ಎಷ್ಟು, ಹೋದ ವರ್ಷ ಎಷ್ಟಿತ್ತು.

2025ರ ಮಾರ್ಚ್‌ನಲ್ಲಿ ಪರಿಸರ ಸಚಿವ ಈಶ್ವರ ಖಂಡ್ರೆಯವರು ಪುಣ್ಯಕ್ಷೇತ್ರಗಳ ನದಿದಂಡೆಯ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದೆಂದು, ಉಟ್ಟ ಬಟ್ಟೆಯನ್ನು ಹೊಳೆಗೆ ಬಿಡದಂತೆ ನೋಡಿಕೊಳ್ಳಬೇಕೆಂದು ಸೂಚಿಸಿದರು. ಸರಿಯಾದ ಸೂಚನೆ. ಹೊಳೆಯಲ್ಲಿ ಬಟ್ಟೆ ಬಿಟ್ಟರೆ ಪಾಪ ಹೋಗುತ್ತದೆ ಎನ್ನುವುದು ಎಲ್ಲಿಂದ ಬಂತೋ, ನನ್ನ ಅಜ್ಜಿಯ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಇರಲಿಲ್ಲ. ಒಂದು ಸೀರೆಯನ್ನು ಮೂರು ಜನ ಉಟ್ಟು ಹರಿಯುವವರೆಗೆ ಇಟ್ಟುಕೊಳ್ಳುತ್ತಿದ್ದ ಮನೆಗಳು ಅವು. ನನ್ನ ಜಾಕ್‌ವೆಲ್‌ನ ಜಾಲರಿಗೆ ಸುತ್ತಿಕೊಂಡ ಸೀರೆ, ಪಂಚೆಗಳನ್ನು ಹುಡುಗರು ಕೊಕ್ಕೆ ಹಾಕಿ ಎಳೆಯುತ್ತಿದ್ದರು. ಅವುಗಳ ನೂಲು ಪಾಲಿಯೆಸ್ಟರ್, ಅದು ಕರಗುವುದಿಲ್ಲ. ಆದರೂ ಸೋಪು, ಬಟ್ಟೆ ಕಣ್ಣಿಗೆ ಕಾಣುವ ಕೊಳೆ. ಭಕ್ತನನ್ನು ಗದರುವುದು ಸುಲಭ, ಊರಿನ ಚರಂಡಿಯನ್ನು ತಿರುಗಿಸುವುದು ಕಷ್ಟ. ಸುಲಭದ್ದನ್ನು ಮಾಡಿ ಕಷ್ಟದ್ದನ್ನು ಬಿಟ್ಟರೆ ಹೊಳೆಗೆ ಹೆಚ್ಚೇನೂ ಸಿಗುವುದಿಲ್ಲ.

ಹರಿಹರದಲ್ಲಿ ತುಂಗಭದ್ರಾ ಆರತಿಗೆಂದು ದಂಡೆಯಲ್ಲಿ ಮಂಟಪಗಳನ್ನು ಕಟ್ಟುವ ಕೆಲಸ 2022ರಲ್ಲಿ ಶುರುವಾಯಿತು. ಕಾಶಿಯ ಹಾಗೆ ಸಂಜೆ ದೀಪ ಬೆಳಗಲಿ, ಜನ ಹೊಳೆಯ ಕಡೆ ಮುಖ ಮಾಡಿ ಕೂರುವುದೇ ಒಳ್ಳೆಯದು. ನಮ್ಮ ಊರುಗಳು ಬಹುಕಾಲದಿಂದ ಹೊಳೆಗೆ ಬೆನ್ನು ಹಾಕಿ, ಹಿತ್ತಲು ಮಾಡಿಕೊಂಡು ಕೂತಿವೆ. ಆದರೆ ದುಡ್ಡಿನ ಕ್ರಮ ಬದಲಾಗಬೇಕು. ಮೊದಲು ಮೇಲಿನ ಚರಂಡಿ, ಆಮೇಲೆ ಮಂಟಪ. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಕಿಷ್ಕಿಂಧೆಯ ಕಡೆಗೆ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಹೊರಟಾಗ ಊರೂರಿನ ಶಾಲೆ ಮಕ್ಕಳು, ರೈತರು, ಸ್ವಾಮೀಜಿಗಳು ಜೊತೆಗೆ ಹೆಜ್ಜೆ ಹಾಕಿದರು. ನದಿಯನ್ನು ಮೇಲಿನಿಂದ ಕೆಳಕ್ಕೆ ಒಂದೇ ಎಂದು ನೋಡಿದ ನಡಿಗೆ ಅದು. ಆಡಳಿತಕ್ಕೆ ಆ ಕಣ್ಣಿಲ್ಲ. ಅದಕ್ಕೆ ಚಿಕ್ಕಮಗಳೂರಿನ ತುಂಗೆ ಬೇರೆ, ಶಿವಮೊಗ್ಗದ ತುಂಗೆ ಬೇರೆ, ದಾವಣಗೆರೆ, ಹಾವೇರಿ, ವಿಜಯನಗರ, ಕೊಪ್ಪಳ, ರಾಯಚೂರು ತಲುಪುವಷ್ಟರಲ್ಲಿ ನದಿ ಏಳೆಂಟು ಕಡತಗಳಾಗಿ ಹಂಚಿಹೋಗಿರುತ್ತದೆ. ಮಠಗಳಿಗೆ ಈ ತೊಡಕಿಲ್ಲ. ಶೃಂಗೇರಿಯ ಶಿಷ್ಯರು ಹಂಪಿಯಲ್ಲಿದ್ದಾರೆ, ರಂಭಾಪುರಿಯ ಭಕ್ತರು ಬಳ್ಳಾರಿಯಲ್ಲಿದ್ದಾರೆ, ರಾಯರ ಭಕ್ತರು ಗಂಗಾಮೂಲದ ಬುಡದಲ್ಲೂ ಇದ್ದಾರೆ.

ಆದ್ದರಿಂದ ಪೀಠಾಧಿಪತಿಗಳು ಮತ್ತು ದೇವಸ್ಥಾನಗಳ ಆಡಳಿತದವರಲ್ಲಿ ನನ್ನ ಪ್ರಾರ್ಥನೆ. ನಿಮ್ಮ ಸ್ನಾನಘಟ್ಟದ ತಲೆಬಾಗಿಲಲ್ಲಿ, ಸೇವಾ ದರದ ಫಲಕ ಇರುವ ಕಡೆಯೇ, ಇನ್ನೊಂದು ಫಲಕ ಹಾಕಿ. ತಿಂಗಳಿಗೊಮ್ಮೆ ನೀರಿನ ಪರೀಕ್ಷೆ ಮಾಡಿಸಿ ಅಂಕಿ ಬರೆಯಿರಿ. ಸ್ನಾನಕ್ಕೆ ಯೋಗ್ಯವಲ್ಲ ಎಂದು ಬರೆಯಬೇಕಾದ ತಿಂಗಳು ಹಾಗೆಯೇ ಬರೆಯಿರಿ. ಕ್ಷೇತ್ರದ ಹೆಸರು ಕೆಡುತ್ತದೆ ಎಂದು ಅಂಜಬೇಡಿ, ಆ ಫಲಕದ ಮುಂದೆ ನಿಂತ ಸಾವಿರ ಭಕ್ತರು ಜಿಲ್ಲಾಧಿಕಾರಿಯ ಕಚೇರಿಗೆ ಹೋದರೆ ಯಾವ ಮನವಿಪತ್ರವೂ ಮಾಡದ ಕೆಲಸ ಆಗುತ್ತದೆ. ನಿಮ್ಮದೇ ಛತ್ರ, ಭೋಜನಶಾಲೆ, ವಸತಿಗೃಹಗಳ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ನೋಡಿ, ಹೊಳೆಗೆ ಹೋಗುತ್ತಿದ್ದರೆ ಈ ವರ್ಷದ ಹುಂಡಿಯ ಹಣದಲ್ಲಿ ಅದನ್ನು ನಿಲ್ಲಿಸಿ. ದೊಡ್ಡ ದೇವಸ್ಥಾನದ ಆದಾಯದ ಒಂದು ಪಾಲು ಮೇಲ್ಗಡೆಯ ಊರಿನ ಒಳಚರಂಡಿಗೆ ಹೋದರೆ ಅದು ಅನ್ನದಾನದಷ್ಟೇ ದೊಡ್ಡ ಸೇವೆ ಎಂದು ನಾನು ನಂಬಿದ್ದೇನೆ.

ಗುರು ಮಕರ ರಾಶಿಗೆ ಬಂದಾಗ ತುಂಗಭದ್ರೆಗೆ ಪುಷ್ಕರ. ಹಿಂದಿನದು 2020ರ ನವೆಂಬರ್‌ನಲ್ಲಿ ಬಂತು, ಕೊರೊನಾ ಕಾಲವಾದ್ದರಿಂದ ಜನ ಅಂಜುತ್ತಲೇ ಮಿಂದರು. ಮುಂದಿನದು 2032ರಲ್ಲಿ. ಅಷ್ಟು ವರ್ಷದಲ್ಲಿ ಶಿವಮೊಗ್ಗದಿಂದ ಕೂಡಲಿಯವರೆಗಿನ ಆ ಒಂದು ತುಂಡು ಹೊಳೆಯನ್ನು ಪಟ್ಟಿಯಿಂದ ಹೊರತರಲು ಹೊಸ ವಿಜ್ಞಾನವೇನೂ ಬೇಕಿಲ್ಲ. ಮನೆಗಳ ಸಂಪರ್ಕ, ಮ್ಯಾನ್‌ಹೋಲಿನ ನಿರ್ವಹಣೆ, ರಾಜಕಾಲುವೆಯ ಬಾಯಲ್ಲಿ ಕೊಳಚೆಯನ್ನು ತಡೆದು ಘಟಕಕ್ಕೆ ತಿರುಗಿಸುವ ಕಟ್ಟೆ, ಘಟಕಕ್ಕೆ ರಾತ್ರಿಯೂ ಕರೆಂಟು. ಈ ಎಲ್ಲ ಕೆಲಸ ಮಾಡಬಲ್ಲ ಎಂಜಿನಿಯರುಗಳನ್ನೂ ಪ್ಲಂಬರುಗಳನ್ನೂ ನಾನು ಬಲ್ಲೆ. ಮಾಡು ಎಂದು ಬೆನ್ನು ಬಿಡದೆ ಕೇಳುವವರು ಬೇಕು.

ಕೂಡಲಿಯಿಂದಲೇ ಶುರುವಾಗಲಿ, ಈ ಸಲದ ಎಳ್ಳಮಾವಾಸ್ಯೆಗೆ. ನೀರಿನ ಸ್ಯಾಂಪಲ್ ಹಿಡಿಯುವುದನ್ನು ಆಸಕ್ತಿಯಿರುವ ಯಾವ ಪಾಠಶಾಲೆಯ ವಿದ್ಯಾರ್ಥಿಗಳಿಗಾದರೂ ಕಲಿಸಲು ನಾನು ಸಿದ್ಧ. ಲ್ಯಾಬ್‌ನವರು ಕೊಟ್ಟ ಸ್ಟೆರೈಲ್ ಬಾಟಲಿಯೇ ಆಗಬೇಕು, ಮನೆಯಲ್ಲಿ ತೊಳೆದದ್ದು ಬೇಡ. ಮುಚ್ಚಳದ ಒಳಮೈ ಮುಟ್ಟಬಾರದು. ದಡದ ನಿಂತ ನೀರಿನಲ್ಲಿ ಅಲ್ಲ, ಹರಿಯುವಲ್ಲಿ ಇಳಿದು, ಬಾಟಲಿಯ ಬಾಯನ್ನು ಹೊಳೆ ಬರುವ ಕಡೆಗೆ ತಿರುಗಿಸಿ ಒಂದಡಿ ಆಳದಲ್ಲಿ ತುಂಬಿಸಬೇಕು. ಮೇಲೆ ಸ್ವಲ್ಪ ಜಾಗ ಬಿಟ್ಟು ಮುಚ್ಚಿ, ದಿನಾಂಕ, ಹೊತ್ತು, ಜಾಗ ಬರೆದು, ಐಸ್‌ ಪೆಟ್ಟಿಗೆಯಲ್ಲಿಟ್ಟು ಅಂದೇ ಲ್ಯಾಬ್‌ಗೆ ಮುಟ್ಟಿಸಬೇಕು. ತುಂಗೆಯ ಕಡೆಯಿಂದ ಒಂದು, ಭದ್ರೆಯ ಕಡೆಯಿಂದ ಒಂದು, ಎರಡೂ ಕೂಡಿದ ಮೇಲೆ ಒಂದು.